ಜೇಡಕ್ಕೆ ಔಷಧಿ ಹೊಡೆಸಿದ್ದೀವಿ ಅಂತ ಕುಂಡದ ಅಡಿಗೆ ಕೈ ಹಾಕಬೇಡಿ

ಸಿಡ್ನಿಯಲ್ಲಿ ಮನೆ ಮಾಡಿರುವ ನಮ್ಮವರೆಲ್ಲ ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯಲೇಬೇಕು, ಯಾಕೆಂದರೆ ಔಷಧಿ ಹೊಡೆದ ಆ ಮನುಷ್ಯನ ನಂಬರನ್ನು ಆರು ಮನೆಗೆ ಕೊಟ್ಟವನು ನಾನೇ.

ಡಿಸೆಂಬರ್‌ನಲ್ಲಿ ಹಿತ್ತಲಿಗೆಲ್ಲ ಜೇಡದ ಔಷಧಿ ಹೊಡೆಸಿದೆ. ಬಂದವನು ಕನ್ನಡ ಮಾತಾಡಿದ, ಅಷ್ಟೇ ಸಾಕಾಯಿತು ನನಗೆ. "ಆರು ತಿಂಗಳು ಒಂದು ಜೇಡ ಕಂಡ್ರೆ ನನ್ನ ಕೇಳಿ ಅಣ್ಣಾ" ಅಂದ. 280 ಡಾಲರ್, ಕ್ಯಾಶ್ ಕೊಟ್ಟರೆ 250. ರಸೀದಿ ಕೇಳಲಿಲ್ಲ. ಕೇಳಲೇ ಇಲ್ಲ ನೋಡಿ!

ಸಂಕ್ರಾಂತಿ ಆದ ಶನಿವಾರ, ಬಿಸಿಲು ಇಳಿದ ಮೇಲೆ ಕಳೆ ಕೀಳಲು ಕೂತೆ. ಕರಿಬೇವಿನ ಕುಂಡ ಸರಿಸೋಣ ಅಂತ ಅಡಿಗೆ ಬೆರಳು ತೂರಿಸಿದೆ. ಬರಿಗೈ. ಗ್ಲೌಸ್ ಶೆಡ್ಡಿನಲ್ಲೇ ಇತ್ತು, ಔಷಧಿ ಹೊಡೆಸಿದ್ದೀನಲ್ಲ ಅನ್ನೋ ಧೈರ್ಯ. ಸಣ್ಣ ಮುಳ್ಳು ಚುಚ್ಚಿದ ಹಾಗಾಯಿತು, ಅಷ್ಟೇ. ಕುಂಡ ಓರೆ ಮಾಡಿ ನೋಡಿದರೆ ಬಟಾಣಿ ಕಾಳಿನಷ್ಟು ಕರಿ ಹೊಟ್ಟೆ, ಮೇಲೆ ಕುಂಕುಮ ಎಳೆದ ಹಾಗೆ ಕೆಂಪು ಗೆರೆ. ರೆಡ್‌ಬ್ಯಾಕ್, ಇಲ್ಲಿನ ವಿಷದ ಜೇಡ. ಪಕ್ಕದಲ್ಲಿ ಪುಟ್ಟ ಉಂಡೆಗಳ ಹಾಗೆ ಎರಡು ಮೊಟ್ಟೆ ಚೀಲ. ಸಂಸಾರವನ್ನೇ ಹೂಡಿತ್ತು!

ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಶುರುವಾಯಿತು. ಬೆರಳಿಂದ ಮೊಣಕೈಗೆ, ಅಲ್ಲಿಂದ ಕಂಕುಳಿಗೆ. ಕಚ್ಚಿದ ಜಾಗ ಬೇರೆ ಸುಮ್ನೆ ಬೆವರುತ್ತಿತ್ತು. ನಾನು ಗಾಬರಿಯಲ್ಲಿ ತೋಳಿಗೆ ಬಟ್ಟೆ ಬಿಗಿಯುತ್ತಿದ್ದೆ. ಅಷ್ಟರಲ್ಲಿ ಹೆಂಡತಿ 13 11 26ಕ್ಕೆ ಫೋನ್ ಮಾಡಿದಳು, ವಿಷದ ಬಗ್ಗೆ ಸಲಹೆ ಕೊಡುವ ನಂಬರ್ ಅದು. ಬಿಗಿಯಬೇಡಿ, ನೋವು ಜಾಸ್ತಿ ಆಗುತ್ತೆ, ಐಸ್ ಇಡಿ ಅಂದರು. ಬ್ಯಾಂಡೇಜ್ ಬಿಗಿಯೋದು ಫನಲ್‌ವೆಬ್ ಅನ್ನೋ ಜೀವಕ್ಕೇ ಅಪಾಯದ ಜೇಡ ಕಚ್ಚಿದರಂತೆ. ದೊಡ್ಡ ಕರಿ ಜೇಡ ಯಾವುದೇ ಇರಲಿ, ಫನಲ್‌ವೆಬ್ ಅಂತಲೇ ತಿಳಿದು ಸೀದಾ ತುರ್ತು ನಂಬರ್ 000ಗೆ ಫೋನ್ ಮಾಡಬೇಕಂತೆ.

ಆಸ್ಪತ್ರೆಯಲ್ಲಿ ನಾಲ್ಕು ಗಂಟೆ. ರೆಡ್‌ಬ್ಯಾಕ್‌ಗೆ 1956ರಿಂದಲೇ ಪ್ರತಿವಿಷ ಇದೆ, ನನಗೆ ನೋವಿನ ಔಷಧಿಯಲ್ಲೇ ತಡೆಯಿತು. ಅಲ್ಲಿ ಐಸ್ ಹಿಡಿದು ಕೂತಾಗ ಹೊಳೆಯಿತು. ಔಷಧಿ ಹೊಡೆದ ದಿನ ಅವನು ಒಂದು ಕುಂಡವನ್ನೂ ಕೈಯಲ್ಲಿ ಮುಟ್ಟಿರಲಿಲ್ಲ. ಬೂಟುಗಾಲಲ್ಲಿ ತಳ್ಳಿದ್ದ! ನಾನು ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಂತು ನೋಡಿದ್ದೆ. ಅವನಿಗೆ ಗೊತ್ತಿತ್ತು ಅಲ್ವಾ?

ಮಾರನೇ ದಿನ ಫೋನ್ ಮಾಡಿದೆ.

"ಗಿಡಕ್ಕೆ ನೀರು ಹಾಕಿದ್ರಾ ಸಾರ್?"

ಹಾಕದೆ? ಜನವರಿ ಬಿಸಿಲಲ್ಲಿ ಕರಿಬೇವು ಒಣಗಿಸಲಾ?

"ಹಾಗಿದ್ರೆ ಔಷಧಿ ತೊಳೆದು ಹೋಗಿರುತ್ತೆ."

ಕುಂಡದ ಅಡಿ ಒಣಗಿಯೇ ಇತ್ತಲ್ಲಪ್ಪ ಅಂದೆ.

"ಕುಂಡದ ಅಡಿ ನಮ್ಮ ಲೆಕ್ಕಕ್ಕೆ ಬರಲ್ಲ ಸಾರ್. ಗೋಡೆ, ಸೂರು, ಕಿಟಕಿ, ಅಷ್ಟೇ. ಅದೂ ಅಲ್ಲದೆ ಜೇಡ ಕಾಲಿನ ತುದೀಲಿ ನಡೆಯುತ್ತೆ, ಔಷಧಿ ಅಷ್ಟಾಗಿ ಅಂಟಲ್ಲ."

ಮತ್ತೆ ಇದನ್ನೆಲ್ಲ ಅವತ್ತೇ ಯಾಕೆ ಹೇಳಲಿಲ್ಲ?

"ನೀವು ಕೇಳಲಿಲ್ಲ."

ನಾನು ಕೇಳಲಿಲ್ಲವಂತೆ! ದುಡ್ಡು ಕೊಡುವವರೆಗೆ ಅಣ್ಣ, ಈಗ ಸಾರ್. ಗಮನಿಸಿ.

ನನ್ನಿಂದ ನಂಬರ್ ತಗೊಂಡವರು ಅಳಿಸಿಬಿಡಿ. ಯಾರ ಹತ್ತಿರ ಏನು ಹೊಡೆಸಿದ್ದರೂ ಗ್ಲೌಸ್ ಹಾಕಿ, ಹಾಕುವ ಮುಂಚೆ ಗ್ಲೌಸನ್ನೂ ಕೊಡವಿ. ಇಟ್ಟಿಗೆ ರಾಶಿ, ಪ್ಲಾಸ್ಟಿಕ್ ಕುರ್ಚಿಯ ಅಡಿ, ಮಕ್ಕಳ ಸೈಕಲ್, ಅಂಚೆ ಡಬ್ಬಿ, ಒಣಗಿ ನೆರಳಿರುವ ಕಡೆ ಎಲ್ಲಾ ಇರುತ್ತದೆ. ಅಡ್ಡಾದಿಡ್ಡಿ ಬಲೆ, ಅದರಿಂದ ನೆಲಕ್ಕೆ ಇಳಿಬಿದ್ದ ಅಂಟಂಟು ಎಳೆ ಕಂಡರೆ ಕೈ ಹಾಕಲೇಬೇಡಿ. ಕುಂಡವನ್ನು ಮೊದಲು ಬೂಟುಗಾಲಲ್ಲಿ ತಳ್ಳಿ. ಅವನಿಂದ ಕಲಿತದ್ದು ಅದೊಂದೇ, 250 ಡಾಲರ್ ಕೊಟ್ಟು.

ದುಡ್ಡು ವಾಪಸ್ ಕೇಳಿ ಮೆಸೇಜ್ ಹಾಕಿದ್ದೆ. ನಿನ್ನೆ ಉತ್ತರ ಬಂತು. ಕೈ ಮುಗಿದ ಎರಡು ಎಮೋಜಿ, ಕೆಳಗೆ "ಬೇಗ ಹುಷಾರಾಗಿ ಸಾರ್, ಮುಂದಿನ ಸಲ 10 ಪರ್ಸೆಂಟ್ ಕಡಿಮೆ ಮಾಡ್ತೀನಿ."