ಕಾರವಾರದವರೇ, ಏಸಿಗೆ ಬೇರೆ ಔಟ್‌ಡೋರ್ ಹಾಕಿಸ್ತೀರಾ? ಮೊದಲು ಪ್ಲೇಟ್ ಓದಿ

ಹಳೇ ಏಸಿಗೆ ಸೆಕೆಂಡ್ ಹ್ಯಾಂಡ್ ಔಟ್‌ಡೋರ್ (ಹೊರಗಿನ ಯೂನಿಟ್) ಹಾಕಿಸೋಣ ಅಂತ ಇದ್ದವರು ದಯವಿಟ್ಟು ಇದನ್ನು ಓದಿ. ಸಿಟ್ಟು ಇನ್ನೂ ಇಳಿದಿಲ್ಲ, ಬರೆದದ್ದು ಹಿಂದೆಮುಂದೆ ಆದರೆ ಸಹಿಸಿಕೊಳ್ಳಿ.

ನಮ್ಮ ಮನೆ ಕೋಡಿಬಾಗದಲ್ಲಿ. ಉಪ್ಪು ಗಾಳಿಗೆ ಔಟ್‌ಡೋರ್ ಏನಾಗುತ್ತದೆ ಅಂತ ಇಲ್ಲಿಯವರಿಗೆ ಹೇಳೋದೇ ಬೇಡ. ಫಿನ್ ಅನ್ನುವ ತೆಳು ತಗಡು ಮುಟ್ಟಿದರೆ ಪುಡಿ, ಗ್ಯಾಸು ಓಡುವ ಕಾಯಿಲ್ ಲೀಕ್. ಒಳಗಿನ ಯೂನಿಟ್ ಮಾತ್ರ ಚೆನ್ನಾಗಿತ್ತು, ಒಂದೂವರೆ ಟನ್ (ತಂಪು ಮಾಡುವ ಶಕ್ತಿಯ ಲೆಕ್ಕ, ತೂಕವಲ್ಲ), ಆರ್22 ಗ್ಯಾಸಿನದು. ಮೆಕ್ಯಾನಿಕ್ ಬಂದು ನೋಡಿ, "ಸುಮ್ನೆ ಹೊಸ ಸೆಟ್ ಯಾಕೆ ಸಾರ್? ಸೇಮ್ ಟನ್ನಿಂದು ಔಟ್‌ಡೋರ್ ಒಂದು ಇದೆ, ಹಾಕಿ ಕೊಡ್ತೇನೆ" ಅಂದ. ಸೇಮ್ ಟನ್ ಅಂತೆ!

ತಂದ ಪೆಟ್ಟಿಗೆ ಫಳಫಳ ಹೊಳೆಯುತ್ತಿತ್ತು. ಮೈತುಂಬ ಬೂದು ಪೇಂಟ್. "ತುಕ್ಕು ಹಿಡಿಬಾರದಲ್ವಾ ಸಾರ್, ನಾನೇ ಎರಡು ಕೋಟ್ ಹೊಡೆದಿದ್ದೇನೆ." ಎಂಥ ಕಾಳಜಿ ನೋಡಿ! ಪೇಂಟಿನ ಖರ್ಚಿಗೆ ಅಂತ ಐನೂರು ಬೇರೆ ಕೊಟ್ಟು, ಚಾ ಕುಡಿಸಿ ಕಳಿಸಿದೆವು.

ಚಳಿಗಾಲದಲ್ಲಿ ಏನೂ ಗೊತ್ತಾಗಲಿಲ್ಲ. ಏಪ್ರಿಲ್ ಬಂತು, ಗಾಳಿ ಬರುತ್ತದೆ, ತಂಪಿಲ್ಲ. ಮೈಯ ಅಂಟು ಹೋಗುವುದಿಲ್ಲ. ಕಂಪ್ರೆಸರ್ ಒಂದು ಸಲ ಶುರುವಾದರೆ ಕಟ್ ಆಗುವುದೇ ಇಲ್ಲ, ಹೆಸ್ಕಾಂ ಬಿಲ್ ನೋಡಿ ಮನೆಯಲ್ಲಿ ಜಗಳ. ಅವನಿಗೆ ಫೋನ್ ಮಾಡಿದರೆ "ಈ ಸಲ ಶೆಕೆ ಜಾಸ್ತಿ ಸಾರ್" ಅನ್ನುವ ಒಂದೇ ಉತ್ತರ.

ಕೊನೆಗೆ ಕುಮಟಾದಿಂದ ಬೇರೆಯವನನ್ನು ಕರೆಸಿದೆ. ಅವನು ಮೊದಲು ನೋಡಿದ್ದು ಪೈಪು. ಒಳಗಿಂದ ಬರುವ ಅರ್ಧ ಇಂಚಿನ ಪೈಪಿಗೆ ಹೊರಗೆ ಬೆಸುಗೆ ಹಾಕಿ 3/8 ಇಂಚಿಗೆ ಇಳಿಸಿದ್ದರು. "ಇಷ್ಟು ಸಣ್ಣ ಪೈಪಿನದು ಒಂದೂವರೆ ಟನ್ ಅಂತ ಯಾರು ಹೇಳಿದ್ದು?" ಅಂದ. ಆಮೇಲೆ ಪೆಟ್ಟಿಗೆಯ ಬದಿಯ ಪೇಂಟನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದ. ಅಡಿಯಿಂದ, ಟನ್, ಗ್ಯಾಸು ಬರೆದಿರುವ ಕಂಪನಿ ಪ್ಲೇಟಿನ ಅಕ್ಷರ ಒಂದೊಂದೇ ಎದ್ದು ಬಂತು. ಒಂದು ಟನ್. ಗ್ಯಾಸು ಆರ್410ಎ. ಶಿರಸಿಯಿಂದ ಬಂದಿದ್ದ ಭಾವ ಪಕ್ಕದಲ್ಲೇ ನಿಂತು ಅದನ್ನು ಜೋರಾಗಿ ಓದಿ ಹೇಳಿದರು, ನನಗೆ ಎಲ್ಲಿಗೆ ಹೋಗಲಿ ಅನ್ನಿಸಿತು. ಪೇಂಟ್ ಹೊಡೆದದ್ದು ತುಕ್ಕಿಗಲ್ಲ, ಪ್ಲೇಟ್ ಮುಚ್ಚಲು! ಅದಕ್ಕೆ ನಾನು ಐನೂರು ಕೊಟ್ಟಿದ್ದೇನೆ!

ಹೊರಗೆ ಚಿಕ್ಕ ಕಂಪ್ರೆಸರ್, ಒಳಗೆ ದೊಡ್ಡ ಕಾಯಿಲ್, ಹಾಗಾಗಿ ಗಾಳಿಯ ತೇವ ಎಳೆಯುವುದಿಲ್ಲ ಅಂದ ಕುಮಟಾದವನು. ಆರ್410ಎ ಒತ್ತಡ ಆರ್22ರ ಒಂದೂವರೆ ಪಟ್ಟಿಗಿಂತಲೂ ಜಾಸ್ತಿ, ಹಳೇ ಕಾಯಿಲನ್ನು ಆ ಒತ್ತಡಕ್ಕೆ ಮಾಡಿದ್ದೇ ಅಲ್ಲ. ಎರಡರ ಕಂಪ್ರೆಸರ್ ಆಯಿಲ್ ಕೂಡ ಬೇರೆ.

ಅವತ್ತೇ ಆ ಮೊದಲಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಕಂಪನಿ ಒಂದೇ ಅಲ್ವಾ ಸಾರ್?" ಪ್ಲೇಟಲ್ಲಿ ಒಂದು ಟನ್ ಇದೆ ಮಾರಾಯ ಅಂದೆ. "ಪ್ಲೇಟ್ ಹಾಗೇ ಇರ್ತದೆ ಸಾರ್, ಒಳಗೆ ಕಂಪ್ರೆಸರ್ ದೊಡ್ಡದು." ಹಾಗಾದರೆ ಮುಚ್ಚಿದ್ದು ಯಾಕೆ? "ಬ್ರಷ್ ತಾಗಿ ಹೋಗಿರ್ಬೇಕು." ಎರಡು ಕೋಟ್ ತಾಗಿ ಹೋಗುತ್ತದಾ? ದುಡ್ಡು ವಾಪಸ್ ಕೇಳಿದ್ದಕ್ಕೆ, "ಬಿಲ್ ಇದ್ರೆ ತನ್ನಿ" ಅಂದ. ಜಿಎಸ್‌ಟಿ ಸೇರುತ್ತದೆ, ಬಿಲ್ ಯಾಕೆ ಅಂದವನೂ ಇವನೇ. ಗ್ರಾಹಕರ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗ ನಮ್ಮೂರಲ್ಲೇ ಇದೆ. ಬಿಲ್ ಇಲ್ಲದೆ ಅಲ್ಲಿ ಏನು ತೋರಿಸುವುದು?

ಔಟ್‌ಡೋರ್ ಗೋಡೆಗೆ ಏರುವ ಮುಂಚೆ, ನೆಲದ ಮೇಲೆ ಇರುವಾಗಲೇ ಪ್ಲೇಟ್ ಓದಿ ಫೋಟೋ ತೆಗೆಯಿರಿ. ಟನ್, ಗ್ಯಾಸು ಎರಡೂ ಒಳಗಿನದಕ್ಕೆ ಸರಿಯಾಗಿರಬೇಕು. ಇನ್ವರ್ಟರ್ ಏಸಿ ಆದರೆ ಅಷ್ಟೂ ಸಾಲದು, ಒಳಗಿನ ಬೋರ್ಡೂ ಹೊರಗಿನ ಬೋರ್ಡೂ ಒಂದಕ್ಕೊಂದು ಮಾತಾಡಬೇಕು, ಇಲ್ಲದಿದ್ದರೆ ಎರರ್ ತೋರಿಸಿ ನಿಂತುಬಿಡುತ್ತದೆ. ಕಂಪನಿಯ ಪಟ್ಟಿಯಲ್ಲಿ ಆ ಎರಡು ಮಾಡೆಲ್ ನಂಬರ್ ಜೋಡಿಯಾಗಿ ಇದೆಯಾ ಕೇಳಿ. ಪ್ಲೇಟಿನ ಮೇಲೆ ಪೇಂಟ್ ಇದ್ದರೆ ಪೆಟ್ಟಿಗೆಯನ್ನು ಗೇಟಿನಿಂದಲೇ ವಾಪಸ್ ಕಳಿಸಿ.