ಕಾರಿಲ್ಲದೆ ದುಬೈ: ಮೆಟ್ರೋ ಮತ್ತು ನೋಲ್ ಕಾರ್ಡ್ ಬಳಸಿ ನೋಡಿದ ಮೇಲೆ

ರಿಮೋಟ್ ಕೆಲಸದ ವೀಸಾದಲ್ಲಿ ದುಬೈಗೆ ಬರಬೇಕು ಅಂತಿರುವ ಗೆಳೆಯರು ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತ. ಆಮೇಲೆ, ಕಾರು ಬೇಕೇ ಬೇಕಾ ಅಂತ. ನಾನು ಬಂದಾಗಿನಿಂದ ಕಾರು ತಗೊಂಡಿಲ್ಲ. ಕಂಪನಿ ಬೆಂಗಳೂರಿನದು, ಮನೆ ಬುರ್ಜುಮಾನ್ ಸ್ಟೇಷನ್ ಹತ್ತಿರ, ಓಡಾಟವೆಲ್ಲ ಮೆಟ್ರೋದಲ್ಲೇ. ಈಗ ಎರಡನೇ ಬೇಸಿಗೆಯೂ ಮುಗಿಯುತ್ತಾ ಬಂದಿದೆ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಸ್ಟೇಷನ್‌ನಿಂದ ಮನೆ ಬಾಗಿಲವರೆಗಿನ ದಾರಿಗೆ.

ವೀಸಾ ಬಗ್ಗೆ ಎರಡೇ ಮಾತು. 2020ರ ಅಕ್ಟೋಬರ್‌ನಲ್ಲಿ ಶುರುವಾದ ವ್ಯವಸ್ಥೆ ಇದು. ಕೆಲಸ ಕೊಟ್ಟವರು ಯುಎಇ ಹೊರಗಿರಬೇಕು, ತಿಂಗಳಿಗೆ 3,500 ಡಾಲರ್ ವರಮಾನ ತೋರಿಸಬೇಕು, ಆರೋಗ್ಯ ವಿಮೆ ಇರಬೇಕು. ಅವಧಿ ಒಂದು ವರ್ಷ, ಆಮೇಲೆ ನವೀಕರಿಸಬಹುದು.

ಬೆಂಗಳೂರಿನ ಕಂಪನಿಗೆ ಇಲ್ಲಿಂದ ಕೆಲಸ ಮಾಡುವವರಿಗೆ ಗಡಿಯಾರ ತುಂಬಾ ಅನುಕೂಲ. ನಾವು ಒಂದೂವರೆ ಗಂಟೆ ಹಿಂದಿದ್ದೇವೆ. ಅಲ್ಲಿ ಒಂಬತ್ತೂವರೆಗೆ ಲಾಗಿನ್ ಆದರೆ ಇಲ್ಲಿ ಎಂಟು. ಅಲ್ಲಿ ಸಂಜೆ ಆರೂವರೆಗೆ ಕೆಲಸ ಮುಗಿಸಿ ಎದ್ದರೆ ಇಲ್ಲಿ ಐದು. ಸಂಜೆ ಪೂರ್ತಿ ನಮ್ಮದೇ. ಆದರೆ ಐದು ಗಂಟೆಗೇ ಊರೆಲ್ಲ ಮನೆಗೆ ಹೊರಟಿರುತ್ತದೆ. ಆ ಹೊತ್ತಿನಲ್ಲಿ ಕೆಂಪು ಲೈನ್ ಹತ್ತಲು ಹೋಗಬೇಡಿ. ಬುರ್ಜುಮಾನ್, ಯೂನಿಯನ್ ಎರಡೂ ಕೆಂಪು, ಹಸಿರು ಲೈನ್ ಸೇರುವ ಸ್ಟೇಷನ್‌ಗಳು. ಒಂದು ರೈಲು ಬಿಟ್ಟು ಇನ್ನೊಂದಕ್ಕೆ ಕಾದರೂ ನಿಲ್ಲಲು ಜಾಗ ಸಿಗುವುದು ಕಷ್ಟ. ನಾನು ಏಳೂವರೆ ಆದ ಮೇಲೇ ಹೊರಡುತ್ತೇನೆ.

ಇನ್ನು ಕಾರ್ಡ್ ವಿಷಯ. ಮೆಟ್ರೋ, ಬಸ್ಸು ಎರಡಕ್ಕೂ ದುಡ್ಡು ತುಂಬಿಸಿ ಬಳಸುವ ಕಾರ್ಡೇ ನೋಲ್. ಹೊಸಬರಿಗೆ ಸಿಲ್ವರ್ ನೋಲ್ ಸಾಕು. 25 ದಿರ್ಹಮ್ ಕೊಟ್ಟರೆ ಅದರಲ್ಲಿ 19 ಓಡಾಟಕ್ಕೇ ಇರುತ್ತದೆ. ದರಕ್ಕಾಗಿ ನಗರವನ್ನು ವಲಯಗಳಾಗಿ ಹಂಚಿದ್ದಾರೆ: ಒಂದು ವಲಯದೊಳಗೆ 3 ದಿರ್ಹಮ್, ಪಕ್ಕದ ವಲಯಕ್ಕೆ 5, ಅದಕ್ಕಿಂತ ದೂರ ಎಷ್ಟೇ ಹೋದರೂ 7.50. ಗೋಲ್ಡ್ ಎಂಬ ಮೇಲ್ದರ್ಜೆಯ ಬೋಗಿಗೆ ಇದರ ಎರಡರಷ್ಟು. ಮೆಟ್ರೋ ಇಳಿದು ಅರ್ಧ ಗಂಟೆಯೊಳಗೆ ಬಸ್ಸು ಹತ್ತಿದರೆ ಅದೂ ಅದೇ ಪ್ರಯಾಣದ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ತೋರಿಸಲೇಬೇಕು. ಸಿಲ್ವರ್ ಕಾರ್ಡಿಗೆ ಹೆಸರಿಲ್ಲ, ಕಳೆದರೆ ದುಡ್ಡೂ ಹೋಯಿತು. ವರ್ಷಗಟ್ಟಲೆ ಇರುವವರು ಹೆಸರಿರುವ ನೀಲಿ ಕಾರ್ಡ್ ಮಾಡಿಸಿಕೊಳ್ಳುವುದು ಒಳ್ಳೆಯದು.

ಎಲ್ಲ ವಲಯಗಳ 30 ದಿನದ ಪಾಸ್ 350 ದಿರ್ಹಮ್. ದಿನಾ ಆಫೀಸಿಗೆ ಹೋಗುವವರಿಗೆ ಇದು ಸರಿ. ನಮ್ಮಂಥವರಿಗೆ ಬೇಡ. ದೂರದ ಸ್ಟೇಷನ್‌ಗೆ ಹೋಗಿ ಬಂದರೆ 15 ದಿರ್ಹಮ್. ತಿಂಗಳಲ್ಲಿ 24 ದಿನ ಅಷ್ಟು ದೂರ ಹೋದರೆ ಮಾತ್ರ ಪಾಸ್ ಲಾಭ. ಮನೆಯಲ್ಲೇ ಕೂತು ಕೆಲಸ ಮಾಡುವವರು ಅಷ್ಟು ಎಲ್ಲಿ ಹೋಗುತ್ತೇವೆ, ಅಲ್ವಾ?

ಮನೆಯಲ್ಲಿ ಕೂತು ಬೇಸರವಾದಾಗ ನಾನು ಹಸಿರು ಲೈನಿನ ಕೊನೆಯ ಸ್ಟೇಷನ್ ಕ್ರೀಕ್‌ಗೆ ಹೋಗುತ್ತೇನೆ. ಅಲ್ಲಿಂದ ನಡೆದರೆ ಮೊಹಮ್ಮದ್ ಬಿನ್ ರಶೀದ್ ಗ್ರಂಥಾಲಯ. ಕುರಾನ್ ಇಟ್ಟು ಓದುವ ಮರದ ಪೀಠದ ಆಕಾರದ ಕಟ್ಟಡ, 2022ರಲ್ಲಿ ತೆರೆದದ್ದು. ಕಾಫಿ ಕೊಂಡು ಕೂರಬೇಕಾದ ಹಂಗಿಲ್ಲದೆ ತಣ್ಣಗೆ ಕೂತು ಕೆಲಸ ಮಾಡುವಂಥ ಜಾಗ ಈ ನಗರದಲ್ಲಿದೆ ಎನ್ನುವುದು ನನಗೆ ದೊಡ್ಡ ಸಮಾಧಾನ. ಅಂದ ಹಾಗೆ, ಆಫೀಸಿನ ಝೂಮ್, ಟೀಮ್ಸ್ ಮೀಟಿಂಗ್‌ಗೆ ಇಲ್ಲಿ ತೊಂದರೆಯಿಲ್ಲ. ವಾಟ್ಸಾಪ್ ಕಾಲ್ ಮಾತ್ರ ಹೋಗುವುದಿಲ್ಲ. ಊರಿನವರ ಫೋನಿಗೂ ಇಲ್ಲಿ ನಡೆಯುವ ಬೋಟಿಮ್ ಎಂಬ ಕಾಲ್ ಆ್ಯಪ್ ಹಾಕಿಸಿಯೇ ಹೊರಡಿ.

ಅಮ್ಮ ಚಳಿಗಾಲದಲ್ಲಿ ಬಂದಿದ್ದರು. ಇಂಗ್ಲಿಷ್ ಅಷ್ಟಕ್ಕಷ್ಟೇ. ನಾನು ಮೀಟಿಂಗ್‌ನಲ್ಲಿದ್ದರೆ ಒಬ್ಬರೇ ಹೊರಟುಬಿಡುತ್ತಿದ್ದರು. ಹೆಂಗಸರು, ಮಕ್ಕಳಿಗೆಂದೇ ಬೇರೆ ಜಾಗವಿದೆ, ನೆಲದ ಮೇಲೆ ಗುಲಾಬಿ ಗುರುತಿರುತ್ತದೆ. ಆ ಗುರುತು ನೋಡಿ ಹತ್ತುವುದು, ಅಲ್ ಗುಬೈಬಾದಲ್ಲಿ ಇಳಿಯುವುದು, ಒಂದು ಸಲಕ್ಕೆ ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಕ್ರೀಕ್ ಎಂಬ ಕಡಲ ಕಾಲುವೆಯ ಆಚೆ ದಡಕ್ಕೆ ಹೋಗಿ ಬರುವುದು. "ಇಲ್ಲಿ ಯಾರೂ ತಳ್ಳುವುದಿಲ್ಲ ಮಗಾ, ನನ್ನನ್ನು ನೋಡಿದ ಕೂಡಲೇ ಒಬ್ಬಳು ಹುಡುಗಿ ಎದ್ದು ಸೀಟು ಕೊಟ್ಟಳು" ಎಂದು ಬಂದು ಹೇಳಿದ್ದರು. ಅರವತ್ತು ದಾಟಿದ ಹೆಂಗಸು ಗೊತ್ತಿಲ್ಲದ ದೇಶದಲ್ಲಿ ಧೈರ್ಯವಾಗಿ ಒಬ್ಬರೇ ತಿರುಗಾಡಿದರು. ಈ ಮೆಟ್ರೋಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಡ. ಒಂದು ಮಾತು ಮಾತ್ರ ಅವರಿಗೆ ಮತ್ತೆ ಮತ್ತೆ ನೆನಪಿಸಬೇಕಾಗಿತ್ತು: ರೈಲಿನಲ್ಲಿ ಏನೂ ತಿನ್ನುವ ಹಾಗಿಲ್ಲ, 100 ದಿರ್ಹಮ್ ದಂಡ.

ಈಗ ಆ ಒಂದು ಅಂಕದ ವಿಷಯಕ್ಕೆ ಬರುತ್ತೇನೆ. ಮನೆ ಹುಡುಕುವಾಗ ಒಬ್ಬ ಏಜೆಂಟ್ ಶೇಖ್ ಜಾಯೆದ್ ರಸ್ತೆ ಪಕ್ಕದ ಫ್ಲ್ಯಾಟ್ ತೋರಿಸಿ "ಮೆಟ್ರೋಗೆ ಐದೇ ನಿಮಿಷ ಸಾರ್" ಎಂದರು. ಬಾಲ್ಕನಿಯಲ್ಲಿ ನಿಂತರೆ ಸ್ಟೇಷನ್ ಎದುರಿಗೇ ಕಾಣುತ್ತಿತ್ತು. ಆದರೆ ನಡುವೆ ಆ ಮಹಾರಸ್ತೆ. ದಾಟಲು ಸ್ಟೇಷನ್ನಿನ ಮೇಲ್ಸೇತುವೆಯೇ ದಾರಿ, ಅದರ ಬುಡಕ್ಕೆ ಹೋಗಲು ಪಾರ್ಕಿಂಗ್ ಜಾಗ, ಸರ್ವೀಸ್ ರಸ್ತೆ ಎಲ್ಲ ಸುತ್ತಬೇಕು. ನಡೆದು ನೋಡಿದರೆ ಇಪ್ಪತ್ತು ನಿಮಿಷದ ಹತ್ತಿರ ಆಯಿತು. ಜುಲೈ ತಿಂಗಳಲ್ಲಿ ಇಪ್ಪತ್ತು ನಿಮಿಷ ಅಂದರೆ ಏನು ಅಂತ ಇಲ್ಲಿದ್ದವರಿಗೇ ಗೊತ್ತು. ಎಸಿ ಸ್ಟೇಷನ್‌ನಿಂದ ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕದ ಗಾಜು ಪೂರ್ತಿ ಮಂಜಾಗುತ್ತದೆ. ಒರೆಸಿಕೊಂಡು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಅಂತ ಸರ್ಕಾರವೇ ನಿಯಮ ಮಾಡಿದೆ. ನಾನೂ ಆ ಹೊತ್ತಿನಲ್ಲಿ ಹೊರಗೆ ನಡೆಯುವುದಿಲ್ಲ. ಸ್ಟೇಷನ್‌ಗೆ ಜನರನ್ನು ತಂದು ಬಿಡುವ, ಎಫ್ ಅಕ್ಷರದ ಫೀಡರ್ ಬಸ್ಸುಗಳಿವೆ, ಆದರೆ ಅದಕ್ಕೆ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ಮಾತು. ಕೆಂಪು ಲೈನ್ ನಿಂತರೆ ನಗರದ ಉದ್ದಕ್ಕೂ ಕೈಕಾಲು ಕಟ್ಟಿದ ಹಾಗಾಗುತ್ತದೆ. 2024ರ ಏಪ್ರಿಲ್ 16ರ ಮಳೆಗೆ ನಾಲ್ಕು ಸ್ಟೇಷನ್‌ಗಳು ಒಂದು ತಿಂಗಳಿಗೂ ಜಾಸ್ತಿ ಮುಚ್ಚಿದ್ದವು. ಸ್ಟೇಷನ್‌ಗಳ ಹೆಸರೂ ಬದಲಾಗುತ್ತಿರುತ್ತವೆ. ಹಳಬರು ರಶೀದಿಯಾ ಅಂದರೆ ನಕ್ಷೆಯಲ್ಲಿ ಸೆಂಟರ್‌ಪಾಯಿಂಟ್ ಹುಡುಕಿ. ವಿಮಾನಕ್ಕೆ ಹೋಗುವವರು ನೆನಪಿಡಿ: ಟರ್ಮಿನಲ್ 1 ಮತ್ತು 3ಕ್ಕೆ ಸ್ಟೇಷನ್ ಇದೆ, 2ಕ್ಕೆ ಇಲ್ಲ. ಬೇರೆ ದಿನ ಬೆಳಿಗ್ಗೆ ಐದಕ್ಕೇ ಶುರುವಾಗುವ ರೈಲು ಭಾನುವಾರ ಎಂಟಕ್ಕೆ.

ಬಾಡಿಗೆ ಕಡಿಮೆ ಅಂತ ಇಂಟರ್‌ನ್ಯಾಷನಲ್ ಸಿಟಿ, ಸಿಲಿಕಾನ್ ಓಯಸಿಸ್ ಕಡೆ ಮನೆ ನೋಡುವವರು ತುಂಬಾ ಜನ. ಅಲ್ಲಿಗೆ ನೀಲಿ ಲೈನ್ ಬರುತ್ತಿದೆ, 30 ಕಿಲೋಮೀಟರ್, 14 ಸ್ಟೇಷನ್. ತೆರೆಯುವ ಗುರಿ 2029ರ ಸೆಪ್ಟೆಂಬರ್ 9. ಏಜೆಂಟ್ "ಮೆಟ್ರೋ ಬರ್ತಿದೆ" ಅಂತ ಈಗಲೇ ಹೇಳುತ್ತಾರೆ. ಅಲ್ಲಿಯವರೆಗೆ ಬಸ್ಸು, ಟ್ಯಾಕ್ಸಿಗೆ ಎಷ್ಟು ಹೋಗುತ್ತದೆ ಅಂತ ಬಾಡಿಗೆಯ ಜೊತೆ ಕೂಡಿಸಿ ನೋಡಿ, ಆ ಬಸ್ಸಿನಲ್ಲಿ ಒಂದು ಸಂಜೆ ಹೋಗಿ ಬನ್ನಿ, ಆಮೇಲೆ ಅಗ್ರಿಮೆಂಟ್‌ಗೆ ಸಹಿ ಹಾಕಿ.