ಜೀವಂತ ಇಲಿ, ಫ್ರೀಜರ್ ಇಲಿ, ಸಾಕಿದ ಇಲಿ: ಎರಡು ಮರಿಹಾವುಗಳ ಊಟದ ಲೆಕ್ಕ

ಹಾವು ಹಾಲು ಕುಡಿಯುವುದಿಲ್ಲ. ಹಾವು ಸಾಕಿದ್ದೇನೆ ಅಂದ ಕೂಡಲೇ ಎದುರಾಗುವ ಮೊದಲ ಪ್ರಶ್ನೆ ಅದೇ ಆದ್ದರಿಂದ ಮೊದಲೇ ಹೇಳಿ ಮುಗಿಸುತ್ತಿದ್ದೇನೆ. ನನ್ನ ಎರಡು ಹಾವುಗಳಿಗೆ ಬೇಕಾದ್ದು ಇಲಿ, ಅದೂ ಮೂಳೆ, ಚರ್ಮ, ಕರುಳು ಸಮೇತ ಇಡಿಯಾಗಿ. ಆ ಇಲಿ ಜೀವಂತ ಇರಬೇಕೋ ಫ್ರೀಜರಿನಿಂದ ಬರಬೇಕೋ, ಕೊಂಡು ತರುವುದೋ ಮನೆಯಲ್ಲೇ ಸಾಕುವುದೋ, ಈ ತಕರಾರಿನಲ್ಲಿ ನನ್ನ ಒಂದೂವರೆ ವರ್ಷ ಕಳೆಯಿತು. ಎಲ್ಲವನ್ನೂ ಮಾಡಿ ನೋಡಿದ್ದೇನೆ.

ಪದಗಳ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಮೌಸ್ ಕೂಡ ಇಲಿ, ರ್‍ಯಾಟ್ ಕೂಡ ಇಲಿ. ದೊಡ್ಡದನ್ನು ಹೆಗ್ಗಣ ಅನ್ನೋಣವೆಂದರೆ ಹೆಗ್ಗಣ ಬೇರೆಯೇ ಪ್ರಾಣಿ. ಇಲ್ಲಿ ಈ ವ್ಯತ್ಯಾಸದ ಮೇಲೆಯೇ ಅರ್ಧ ಕಥೆ ನಿಂತಿರುವುದರಿಂದ ಮೌಸ್, ರ್‍ಯಾಟ್ ಎಂದೇ ಬರೆಯುತ್ತೇನೆ. ಕೂದಲು ಬಾರದ, ಕಣ್ಣು ಬಿಡದ ಎಳೆಮರಿ ಪಿಂಕಿ. ನವಿರಾಗಿ ಕೂದಲು ಬಂದದ್ದು ಫಜ್ಜಿ. ಕಣ್ಣು ಬಿಟ್ಟು ಕುಪ್ಪಳಿಸತೊಡಗಿದರೆ ಹಾಪರ್.

ಹಾವುಗಳಲ್ಲಿ ಒಂದು ಕಾರ್ನ್ ಸ್ನೇಕ್, ಅಮೆರಿಕ ಮೂಲದ ವಿಷವಿಲ್ಲದ ಹಾವು. ಬಂದಾಗ 7 ಗ್ರಾಂ, ಶೂ ಲೇಸಿನಷ್ಟು ದಪ್ಪ. ಇನ್ನೊಂದು ಬಾಲ್ ಪೈಥಾನ್, ಆಫ್ರಿಕಾದ ಚಿಕ್ಕ ಜಾತಿಯ ಹೆಬ್ಬಾವು, 68 ಗ್ರಾಂ. ಮೊಟ್ಟೆಯಿಂದ ಬಂದ ಮರಿ ಸಾಮಾನ್ಯವಾಗಿ ಮೊದಲ ಪೊರೆ ಬಿಡುವ ತನಕ ಏನೂ ತಿನ್ನುವುದಿಲ್ಲ, ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯೇ ಅಲ್ಲಿಯವರೆಗಿನ ಬುತ್ತಿ. ಇವೆರಡೂ ಪೊರೆ ಬಿಟ್ಟೇ ಬಂದಿದ್ದವು. ಅಂದರೆ ಹಸಿದೇ ಬಂದಿದ್ದವು.

ಶುರು ಮಾಡಿದ್ದು ಜೀವಂತ ಇಲಿಯಿಂದ. ಕಾರ್ನ್ ಸ್ನೇಕಿಗೆ ಒಂದೂವರೆ ಗ್ರಾಮಿನ ಮೌಸ್ ಪಿಂಕಿ. ಮಿಸುಕಾಡುವ ಮರಿಯ ಕಡೆ ಎರಡು ಸಲ ನಾಲಿಗೆ ಚಾಚಿತು, ಹಿಡಿಯಿತು, ಆರು ನಿಮಿಷದಲ್ಲಿ ಊಟ ಮುಗಿಯಿತು. ಪಿಂಕಿಗೆ ಹಲ್ಲಿಲ್ಲ, ಕಣ್ಣಿಲ್ಲ, ಹಾವಿಗೆ ಅದರಿಂದ ಯಾವ ಅಪಾಯವೂ ಇಲ್ಲ. ಹೀಗಾಗಿ ಜೀವಂತ ಕೊಡುವುದೇ ಸುಲಭ ಅಂತ ನಾನು ಬೀಗಿದ್ದು ನಿಜ.

ಬಾಲ್ ಪೈಥಾನಿನ ಗಾತ್ರಕ್ಕೆ ಪಿಂಕಿ ಸಾಲದು, ಎಂಟು ಗ್ರಾಮಿನ ಹಾಪರ್ ಬೇಕಿತ್ತು. ಹಾಪರಿಗೆ ಹಲ್ಲಿದೆ. ಮೊದಲ ಎರಡು ವಾರ ತೊಂದರೆ ಇರಲಿಲ್ಲ. ಮೂರನೇ ವಾರ ಹಾವು ತಿನ್ನುವ ಮನಸ್ಸಿನಲ್ಲಿರಲಿಲ್ಲ. ನಾನು ಮೌಸನ್ನು ಒಳಗೆ ಬಿಟ್ಟು ಫೋನ್ ಬಂತೆಂದು ಎದ್ದು ಹೋದೆ. ಇಪ್ಪತ್ತು ನಿಮಿಷ ಬಿಟ್ಟು ಬಂದರೆ ಹಾವು ಚೆಂಡಿನಂತೆ ಸುತ್ತಿಕೊಂಡು ಕೂತಿದೆ, ಮೌಸ್ ಅದರ ಬೆನ್ನ ಮೇಲೆ ಹತ್ತಿ ಕಡಿಯುತ್ತಿದೆ. ಎರಡು ಕಡೆ ಹುರುಪೆ ಕಿತ್ತು ಕೆಂಪಾಗಿತ್ತು. ತೆಳು ಮಾಡಿದ ಪೊವಿಡೋನ್ ಅಯೋಡಿನ್ ಹಚ್ಚುತ್ತಾ ಹೋದೆ. ಗುರುತು ಮಾಯಲು ಎರಡು ಪೊರೆ ಬೇಕಾಯಿತು. ತಪ್ಪು ಪೂರ್ತಿ ನನ್ನದು. ಆ ಮೌಸಿಗಾದರೂ ಬೇರೆ ಏನು ದಾರಿಯಿತ್ತು? ಬೇಟೆಯಾಡದ ಹಾವಿನ ಜೊತೆ ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದ ಇಲಿಯೇ ಬೇಟೆಗಾರ. ದೊಡ್ಡ ರ್‍ಯಾಟ್ ಆಗಿದ್ದರೆ ಹಾವಿನ ಬೆನ್ನುಮೂಳೆಯೇ ಕಾಣುತ್ತಿತ್ತು.

ಅಲ್ಲಿಂದ ಫ್ರೀಜರಿಗೆ ಬಂದೆ. ಎರಡು ಹಾವುಗಳೂ ಫ್ರೀಜ್ ಇಲಿಯನ್ನು ಒಪ್ಪಿದವು, ಆದರೆ ಬೇರೆ ಬೇರೆ ಕಾರಣಕ್ಕೆ, ಬೇರೆ ಬೇರೆ ಗುಟ್ಟಿಗೆ. ಈ ಗುಟ್ಟು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು.

ಬಾಲ್ ಪೈಥಾನಿನ ಮೇಲ್ದುಟಿಯುದ್ದಕ್ಕೂ ಸಾಲಾಗಿ ಪುಟ್ಟ ಗುಂಡಿಗಳಿವೆ. ಅವು ಶಾಖವನ್ನು ಗುರುತಿಸುವ ಅಂಗ. ಕತ್ತಲಲ್ಲಿ ಬಿಸಿರಕ್ತದ ಪ್ರಾಣಿ ಎದುರು ಬಂದರೆ ಅದು ಎಲ್ಲಿದೆ ಅನ್ನುವುದು ಈ ಗುಂಡಿಗಳಿಗೆ ಗೊತ್ತಾಗುತ್ತದೆ. ಕಾರ್ನ್ ಸ್ನೇಕಿಗೆ ಅಂಥ ಗುಂಡಿಗಳೇ ಇಲ್ಲ. ಅದು ಹೆಚ್ಚಾಗಿ ನಾಲಿಗೆಯಿಂದ ವಾಸನೆ ಬಾಚಿ ಅಂಗುಳಿನಲ್ಲಿರುವ ವಾಸನೆಯ ಅಂಗಕ್ಕೆ ಮುಟ್ಟಿಸಿ ತೀರ್ಮಾನ ಮಾಡುತ್ತದೆ. ಅಂದರೆ ಒಂದಕ್ಕೆ ಊಟ ಬಿಸಿಯಾಗಿರಬೇಕು, ಇನ್ನೊಂದಕ್ಕೆ ಘಮ ಬರಬೇಕು. ಇದು ತಿಳಿಯದೆ ಎರಡಕ್ಕೂ ಒಂದೇ ರೀತಿ ಬಡಿಸುತ್ತಿದ್ದೆ. ಒಮ್ಮೆ ಇದು ಬೇಡ ಅನ್ನುತ್ತಿತ್ತು, ಒಮ್ಮೆ ಅದು.

ಈಗ ಮಾಡುವುದು ಹೀಗೆ. ಹಿಂದಿನ ರಾತ್ರಿ ಇಲಿಯನ್ನು ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸುತ್ತೇನೆ. ಮರುದಿನ ಜಿಪ್ ಕವರಿನಲ್ಲಿ ಹಾಕಿ, ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಮುಳುಗಿಸುತ್ತೇನೆ. ಹೊಟ್ಟೆಯನ್ನು ಬೆರಳಲ್ಲಿ ಒತ್ತಿ ನೋಡುವುದು ಕಡ್ಡಾಯ. ಒಮ್ಮೆ ಹೊರಗೆ ಬೆಚ್ಚಗಿದ್ದು ಒಳಗೆ ಗಡ್ಡೆಯಾಗಿದ್ದ ಇಲಿಯನ್ನು ಕೊಟ್ಟು, ಎರಡನೇ ದಿನ ಹಾವು ಅದನ್ನು ಕಕ್ಕಿತು. ಕಕ್ಕಿದ ಮರಿಹಾವಿಗೆ ಮರುದಿನವೇ ಇನ್ನೊಂದು ಕೊಡಬಾರದು. ಹೊಟ್ಟೆಯ ರಸಗಳೂ ಹೊರಗೆ ಬಂದು ಗಂಟಲು ಬೆಂದಿರುತ್ತದೆ. ಹತ್ತು ಹನ್ನೆರಡು ದಿನ ಬಿಟ್ಟು, ಮೊದಲಿಗಿಂತ ಚಿಕ್ಕದನ್ನು ಕೊಟ್ಟೆ. ಮೈಕ್ರೋವೇವ್ ಪ್ರಯೋಗವನ್ನೂ ಒಂದೇ ಒಂದು ಸಲ ಮಾಡಿದೆ. ಅದನ್ನು ಇಲ್ಲಿ ವರ್ಣಿಸುವುದಿಲ್ಲ.

ಪೈಥಾನಿಗೆ ಕೊಡುವ ಮೊದಲು ಇಲಿಯ ತಲೆಗೆ ಮಾತ್ರ ಹೇರ್ ಡ್ರೈಯರಿನಿಂದ ಅರ್ಧ ನಿಮಿಷ ಗಾಳಿ ಹಿಡಿಯುತ್ತೇನೆ. ಉದ್ದ ಇಕ್ಕಳದಲ್ಲಿ ಹಿಡಿದು, ದೀಪ ಆರಿಸಿದ ಮೇಲೆ, ಅಡಗುತಾಣದ ಬಾಯಲ್ಲಿ ಮೆಲ್ಲಗೆ ಆಡಿಸಿದರೆ ಸಾಕು, ಫಟ್ ಎಂದು ಹಿಡಿಯುತ್ತದೆ. ಕಾರ್ನ್ ಸ್ನೇಕಿಗೆ ಈ ಆಟವೇ ಆಗದು. ಎದುರಿಗೆ ಏನಾದರೂ ಅಲ್ಲಾಡಿದರೆ ಬಾಲ ನಡುಗಿಸಿ ಓಡುತ್ತದೆ. ಅದಕ್ಕೆ ಪಿಂಕಿಯ ತಲೆಯನ್ನು ಸೂಜಿಯಿಂದ ಚುಚ್ಚಿ ಒಳಗಿನ ರಸ ಒಸರುವಂತೆ ಮಾಡಿ, ಗಾಳಿ ತೂತುಗಳಿರುವ ಪುಟ್ಟ ಡಬ್ಬಿಯಲ್ಲಿ ಹಾವಿನ ಜೊತೆ ಇಟ್ಟು ಬಟ್ಟೆ ಮುಚ್ಚಿದೆ. ನೋಡುವವರಿಗೆ ಹೇಸಿಗೆ, ಹಾವಿಗೆ ಹಬ್ಬ. ಬೆಳಿಗ್ಗೆ ಡಬ್ಬಿಯಲ್ಲಿ ಹಾವು ಮಾತ್ರ ಇತ್ತು. ನಾಲ್ಕು ಊಟ ಹೀಗೆ ನಡೆದ ಮೇಲೆ ಸೂಜಿಯೂ ಬೇಡವಾಯಿತು, ಡಬ್ಬಿಯೂ ಬೇಡವಾಯಿತು.

ಫ್ರೀಜ್ ಮಾಡಿದರೆ ಎಲ್ಲ ರೋಗವೂ ಸತ್ತಿತು ಅಂದುಕೊಳ್ಳಬೇಡಿ. ಹಲವು ಪರಾವಲಂಬಿಗಳು ಸಾಯುತ್ತವೆ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯುವುದಿಲ್ಲ. 2010ರಲ್ಲಿ ಅಮೆರಿಕದಲ್ಲಿ ಹಾವುಗಳಿಗೆಂದು ಮಾರಿದ ಫ್ರೀಜ್ ಇಲಿಗಳಿಂದ ಮನುಷ್ಯರಿಗೆ ಸಾಲ್ಮೊನೆಲ್ಲಾ ತಗುಲಿ, ಮಾರಿದ ಸರಕನ್ನು ವಾಪಸ್ ಪಡೆಯಬೇಕಾಗಿ ಬಂದಿತ್ತು. ನನ್ನಲ್ಲಿ ಇಲಿಗೆ ಬೇರೆ ಡಬ್ಬ, ಬೇರೆ ಬೋಗುಣಿ, ಬೇರೆ ಇಕ್ಕಳ ಇವೆ. ಅಡುಗೆ ಸಿಂಕಿನ ಹತ್ತಿರ ಅವು ಸುಳಿಯುವುದಿಲ್ಲ.

ಇನ್ನು ಮನೆಯಲ್ಲೇ ಇಲಿ ಸಾಕುವ ಕಥೆ. ಒಂದು ಗಂಡು, ಮೂರು ಹೆಣ್ಣು ಮೌಸ್ ತಂದೆ. ಲೆಕ್ಕ ಕಾಗದದ ಮೇಲೆ ಚೆನ್ನಾಗಿತ್ತು. ಗರ್ಭ ಸುಮಾರು 20 ದಿನ, ಸೂಲಿಗೆ ಎಂಟೋ ಹತ್ತೋ ಮರಿ. ಹೆತ್ತ ಒಂದು ದಿನದೊಳಗೇ ಹೆಣ್ಣು ಮತ್ತೆ ಗಬ್ಬವಾಗಬಲ್ಲದು ಅನ್ನುವುದನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನನ್ನ ಕಾರ್ನ್ ಸ್ನೇಕಿಗೆ ಬೇಕಿದ್ದದ್ದು ಆರು ದಿನಕ್ಕೊಂದು ಪಿಂಕಿ. ಮೂರು ಹೆಣ್ಣುಗಳೂ ಒಂದೇ ವಾರದಲ್ಲಿ ಹೆತ್ತು 26 ಪಿಂಕಿ ಕೊಟ್ಟವು. ಪಿಂಕಿ ಪಿಂಕಿಯಾಗಿರುವುದು ಐದಾರು ದಿನ ಮಾತ್ರ. ಆಮೇಲೆ ಕೂದಲು, ಎರಡು ವಾರಕ್ಕೆ ಕಣ್ಣು, ಮೂರು ವಾರಕ್ಕೆ ತಾಯಿಯ ಹಾಲು ಬಿಟ್ಟು ಓಡಾಟ, ಆರೇಳು ವಾರಕ್ಕೆ ತಾವೇ ಸಂಸಾರ. ಹಾವು ಒಂದು ತಿಂಗಳಲ್ಲಿ ತಿಂದದ್ದು ಐದು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ನನಗೆ ಅರ್ಥವಾದದ್ದು ಆಗ.

ವಾಸನೆ ಬೇರೆ. ಗಂಡು ಮೌಸಿನ ಮೂತ್ರದ ಘಾಟು ಬಾಗಿಲು ಮುಚ್ಚಿದ ಕೋಣೆಯಿಂದಲೂ ಬರುತ್ತದೆ. ಎರಡು ದಿನಕ್ಕೊಮ್ಮೆ ಹಾಸು ಬದಲಿಸಿದರೂ ಬಂತು. ತೀರಾ ಹೆಚ್ಚು ಸಲ ಬದಲಿಸಿದರೆ ಬಾಣಂತಿ ಗಾಬರಿಯಾಗಿ ಮರಿಗಳನ್ನೇ ತಿನ್ನಬಹುದು. ಒಮ್ಮೆ ಹಾಗೂ ಆಯಿತು. ಪಂಜರದಲ್ಲಿ ಹಾಸಲು ಆಸ್ಪೆನ್ ಮರದ ಚಕ್ಕೆಯೇ ಒಳ್ಳೆಯದು. ಸೀಡರ್ ಮರದ ಸುವಾಸನೆ ನಮ್ಮ ಮೂಗಿಗೆ ಹಿತ, ಅದರ ಎಣ್ಣೆಯಂಶ ಇಲಿಯ ಶ್ವಾಸಕೋಶಕ್ಕೂ ಹಾವಿಗೂ ಒಳ್ಳೆಯದಲ್ಲ.

ರ್‍ಯಾಟ್ ಸಾಕಿದ್ದು ಅದರ ನಂತರ, ಪೈಥಾನಿಗಾಗಿ. ಅಲ್ಲಿ ಲೆಕ್ಕ ಹೊಂದಿತು. ಆಗ ತಾನೇ ಹುಟ್ಟಿದ ರ್‍ಯಾಟ್ ಮರಿಯೇ ಐದಾರು ಗ್ರಾಂ. ವಾರದ ಹೊತ್ತಿಗೆ ಅದರ ದುಪ್ಪಟ್ಟು, ಬೆಳೆಯುತ್ತಿದ್ದ ನನ್ನ ಪೈಥಾನಿಗೆ ಆ ಗಾತ್ರ ಹೊಂದುತ್ತಿತ್ತು. ಘಾಟೂ ಕಡಿಮೆ. ಬಾಲ್ ಪೈಥಾನನ್ನು ಎಳೆಯದರಲ್ಲೇ ರ್‍ಯಾಟಿಗೆ ಹೊಂದಿಸುವುದು ಜಾಣತನ. ಮೌಸಿಗೆ ಒಗ್ಗಿದ ಹಾವು ದೊಡ್ಡದಾದ ಮೇಲೆ ರ್‍ಯಾಟ್ ಮುಟ್ಟದೆ ಹಟ ಹಿಡಿದರೆ, ಒಂದು ಊಟಕ್ಕೆ ನಾಲ್ಕೈದು ಮೌಸ್ ಸಾಲಾಗಿ ಹಿಡಿದು ಕೊಡುತ್ತಾ ನಿಲ್ಲಬೇಕು. ಕಾರ್ನ್ ಸ್ನೇಕ್ ಮರಿಗೆ ಮಾತ್ರ ರ್‍ಯಾಟಿನ ಪಿಂಕಿಯೂ ಬೆಟ್ಟದಷ್ಟು. ಏಳು ಗ್ರಾಮಿನ ಹಾವಿಗೆ ಆರು ಗ್ರಾಮಿನ ತುತ್ತು ಹಾಕುವುದುಂಟೇ?

ಆದರೂ ರ್‍ಯಾಟಿನಲ್ಲೇ ನಾನು ಸೋತದ್ದು. ಅವು ಜಾಣ. ಮೂರನೇ ವಾರಕ್ಕೆ ನನ್ನ ಹೆಜ್ಜೆ ಸಪ್ಪಳ ಗುರುತಿಸಿ ಸರಳಿಗೆ ಬಂದು ನಿಲ್ಲುತ್ತಿದ್ದವು. ಕೊಲ್ಲುವುದು ಹೇಗೆ ಅನ್ನುವ ಮಾತನ್ನು ಹಾವು ಸಾಕುವವರು ಹೆಚ್ಚಾಗಿ ನುಂಗಿಕೊಳ್ಳುತ್ತಾರೆ. ಜೀವಂತ ಇಲಿಯನ್ನು ಫ್ರೀಜರಿಗೆ ತುರುಕುವುದು ಕ್ರೌರ್ಯ, ಅದನ್ನು ಮಾಡಲೇಬಾರದು. ಬೆಳೆದ ಇಲಿಗೆ ಇಂಗಾಲದ ಡೈಆಕ್ಸೈಡ್ ಅನ್ನು ನಿಧಾನವಾಗಿ ತುಂಬುವ ವಿಧಾನವಿದೆ. ಎಳೆಮರಿಗಳು ಆಮ್ಲಜನಕ ಕಡಿಮೆಯಿದ್ದರೂ ಬಹಳ ಹೊತ್ತು ತಡೆಯುತ್ತವೆ, ಅವು ಸತ್ತವೆಂದು ಬೇಗ ಹೊರತೆಗೆದರೆ ಮತ್ತೆ ಉಸಿರಾಡಬಹುದು. ನಾನು ಕೈಯಾರೆ ಒಂದು ಸೂಲು ಮುಗಿಸಿದೆ. ಎರಡನೆಯದಕ್ಕೆ ಕೈ ಏಳಲಿಲ್ಲ. ಕೊಂಡು ತಂದ ಫ್ರೀಜ್ ಇಲಿಯನ್ನೂ ಯಾರೋ ಕೊಂದೇ ಇರುತ್ತಾರೆ ಅನ್ನುವುದು ಗೊತ್ತು. ಆ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ, ಗಂಡು ರ್‍ಯಾಟನ್ನು ಬೇರೆ ಪಂಜರಕ್ಕೆ ಹಾಕಿದೆ ಅಷ್ಟೇ.

ಈಗ ಎರಡಕ್ಕೂ ಫ್ರೀಜ್ ಇಲಿಯೇ. ಡಬ್ಬಗಳ ಮೇಲೆ ತೂಕ, ತಂದ ತಾರೀಖು ಬರೆದಿಡುತ್ತೇನೆ, ಆರು ತಿಂಗಳು ದಾಟಿದ್ದನ್ನು ಬಳಸುವುದಿಲ್ಲ. ಪ್ರತಿ ಊಟಕ್ಕೆ ಮೊದಲು ಹಾವನ್ನು ತೂಗಿ, ಅದರ ತೂಕದ ಹತ್ತರಿಂದ ಹದಿನೈದು ಶೇಕಡಾ ಇರುವ ಇಲಿ ಹುಡುಕುತ್ತೇನೆ. ಎಳೆಯ ಕಾರ್ನ್ ಸ್ನೇಕಿಗೆ ತುಸು ಹೆಚ್ಚಾದರೂ ನಡೆಯುತ್ತದೆ. ತಿಂದ ಮೇಲೆ ಎರಡು ದಿನ ಮುಟ್ಟುವುದಿಲ್ಲ. ಊಟಕ್ಕೆಂದು ಬೇರೆ ಪೆಟ್ಟಿಗೆಗೆ ಎತ್ತಿ ಹಾಕುವ ಪದ್ಧತಿಯನ್ನೂ ಬಿಟ್ಟಿದ್ದೇನೆ. ತುಂಬಿದ ಹೊಟ್ಟೆಯ ಹಾವನ್ನು ಮತ್ತೆ ಎತ್ತಿ ಸಾಗಿಸುವುದರಲ್ಲಿ ನನಗೆ ಯಾವ ಲಾಭವೂ ಕಾಣಲಿಲ್ಲ.

ಕಾರ್ನ್ ಸ್ನೇಕ್ 90 ಗ್ರಾಂ ದಾಟಿದೆ, ಇಕ್ಕಳ ಕಂಡರೆ ಗಾಜಿಗೆ ಮೂಗು ಒತ್ತಿ ನಿಲ್ಲುತ್ತದೆ. ಪೈಥಾನ್ ಮೂರು ವಾರದಿಂದ ಉಪವಾಸ. ತೂಕ ಇಳಿದಿಲ್ಲ, ಕಣ್ಣು ಮಬ್ಬಾಗುತ್ತಿದೆ, ಪೊರೆ ಬಿಡುವ ಹೊತ್ತು. ಎರಡು ಹೆಣ್ಣು ರ್‍ಯಾಟ್‌ಗಳು ಪಕ್ಕದ ಕೋಣೆಯಲ್ಲಿ ಹಾಯಾಗಿವೆ, ಯಾರ ಊಟವೂ ಅಲ್ಲದೆ.